ಕತ್ತಲೆ ಕಾದಂಬರಿ ಬೇಕು ಅಂದ್ರೆ, ಯಾವ ಕತ್ತಲೆ?

"ಸರ, ಒಂದು ಭಯಂಕರ ಕಾದಂಬರಿ ಇದ್ರ ಕೊಡ್ರೀ. ಹಿಡಿದ್ರ ಬಿಡಬಾರದು ನೋಡ್ರಿ."

ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಓದುವವರು ಒಬ್ಬರನ್ನೊಬ್ಬರು ಪುಸ್ತಕ ಕೇಳುವುದು ಹೆಚ್ಚಾಗಿ ಹೀಗೇ. ಈ ಒಂದೇ ಮಾತಿನಲ್ಲಿ ಎರಡು ಬೇಡಿಕೆ ಇದೆ. ಕಥೆ ಎಳೆದುಕೊಂಡು ಹೋಗಬೇಕು, ಒಳಗೆ ಕತ್ತಲೆಯೂ ಇರಬೇಕು. ಎರಡೂ ಒಟ್ಟಿಗೇ ಸಿಗುತ್ತವೆ ಅಂತ ನಾವು ಸುಮ್ನೆ ಅಂದುಕೊಂಡಿರುತ್ತೇವೆ. ಹಾಗೆ ಸಿಗುವುದು ಕಡಿಮೆ. ರವಿ ಬೆಳಗೆರೆಯವರ 'ಮಾಟಗಾತಿ' ರಾತ್ರಿಯಿಡೀ ಓದಿಸುತ್ತದೆ, ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಆ ಭಯ ಅರ್ಧ ಇಳಿದಿರುತ್ತದೆ. ಭೈರಪ್ಪನವರ 'ಗೃಹಭಂಗ' ನಡುನಡುವೆ ಪುಸ್ತಕವನ್ನು ಕೆಳಗಿಡಿಸುತ್ತದೆ, ಆದರೆ ತಿಂಗಳು ಕಳೆದರೂ ತಲೆಯಿಂದ ಇಳಿಯುವುದಿಲ್ಲ.

ಅದಕ್ಕೇ ಪುಸ್ತಕ ಕೇಳಿದವರಿಗೆ ನಾನು ಮೊದಲು ತಿರುಗಿ ಕೇಳುವುದು, "ಹೆದರಬೇಕೋ, ತಳಮಳ ಆಗಬೇಕೋ?" ಉತ್ತರ ಸಿಕ್ಕರೆ ಅರ್ಧ ಕೆಲಸ ಆಯಿತು. ಉಳಿದ ಅರ್ಧಕ್ಕೆ ಎಲ್ಲಿ ಕೂತು ಓದುತ್ತೀರಿ, ಎಷ್ಟು ದಿನ ಇದೆ, ಮನೆಯಲ್ಲಿ ಪರಿಸ್ಥಿತಿ ಹೇಗಿದೆ ಅಂತ ನೋಡಬೇಕು. ಕಥೆಯ ಕೊನೆ ಎಲ್ಲಿಯೂ ಬಿಟ್ಟುಕೊಡುವುದಿಲ್ಲ, ಧೈರ್ಯವಾಗಿ ಮುಂದೆ ಓದಿ.

ಹೆದರಬೇಕು ಅನ್ನುವವರಿಗೆ

ಇಲ್ಲಿ ನಿಜವಾದ ಪೈಪೋಟಿ ಎರಡರ ನಡುವೆ. 'ಮಾಟಗಾತಿ' ಮತ್ತು ಯಂಡಮೂರಿ ವೀರೇಂದ್ರನಾಥರ 'ತುಳಸಿದಳ'. ಬೆಳಗೆರೆ ಬಳ್ಳಾರಿಯಲ್ಲೇ ಹುಟ್ಟಿದವರು, ಹಾಗಾಗಿ ನಮ್ಮೂರಲ್ಲಿ ಅವರ ಪುಸ್ತಕಕ್ಕೆ ಒಂದು ಮನೆಮಗನ ಸಲುಗೆ ಇದೆ. ಯಂಡಮೂರಿ ತೆಲುಗಿನವರು. ಆದರೆ ಬಳ್ಳಾರಿ, ರಾಯಚೂರಿನಲ್ಲಿ ಅವರನ್ನು ಪರಭಾಷೆಯವರು ಅನ್ನುವವರು ಯಾರು? ತೆಲುಗಿನಲ್ಲೇ ಓದಿದವರು ಒಂದಷ್ಟು ಜನ, ಕನ್ನಡಕ್ಕೆ ಬಂದ ಮೇಲೆ ಓದಿದವರು ಇನ್ನಷ್ಟು ಜನ, 1985ರ ಸಿನಿಮಾ ನೋಡಿ ಹೆದರಿದವರು ಬೇರೆ.

ಎರಡರಲ್ಲೂ ಮಾಟ ಮಂತ್ರ ಇದೆ. ಬೇರೆಯಾಗುವುದು ಅದನ್ನು ನಡೆಸಿಕೊಳ್ಳುವ ರೀತಿಯಲ್ಲಿ. 'ತುಳಸಿದಳ'ದಲ್ಲಿ ಒಂದು ಪುಟ್ಟ ಹುಡುಗಿಯ ಮೇಲೆ ಮಾಟದ ಪ್ರಯೋಗ ಆಗುತ್ತದೆ. ಒಂದು ಕಡೆ ಮಾಂತ್ರಿಕರು, ಇನ್ನೊಂದು ಕಡೆ ವೈದ್ಯರು. ಇದು ಮಾಟವೋ, ಮನಸ್ಸಿನ ಕಾಯಿಲೆಯೋ ಅಂತ ಕಥೆ ಕೊನೆಯವರೆಗೂ ಜಗ್ಗಾಡುತ್ತದೆ. ಆ ಜಗ್ಗಾಟವೇ ಓದಿಸಿಕೊಂಡು ಹೋಗುವ ಶಕ್ತಿ. ಮೂಢನಂಬಿಕೆ ಬೆಳೆಸುತ್ತದೆ ಅಂತ ಬೈದವರೂ ಇದ್ದಾರೆ, ಆ ಬೈಗುಳದಲ್ಲಿ ಸುಳ್ಳೇನೂ ಇಲ್ಲ. 'ಮಾಟಗಾತಿ'ಗೆ ಆ ಅನುಮಾನದ ಗೊಡವೆ ಕಡಿಮೆ. ಅದು ನೇರವಾಗಿ ಕ್ಷುದ್ರ ವಿದ್ಯೆಯ ಲೋಕದೊಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕುತ್ತದೆ. ಬೆಳಗೆರೆಯವರ ಗದ್ಯ ಬಿಸಿ, ವೇಗ ಜಾಸ್ತಿ, ಅಸಹ್ಯ ಆಗುವ ವಿವರಗಳಿಗೆ ಅವರು ಹಿಂಜರಿಯುವುದಿಲ್ಲ. ಮುಗಿದ ಮೇಲೂ ಬೇಕು ಅನಿಸಿದರೆ 'ಸರ್ಪ ಸಂಬಂಧ' ಇದೆ.

ನನ್ನ ಆಯ್ಕೆ 'ತುಳಸಿದಳ'. ಅನುಮಾನ ಉಳಿಸಿದ ಭಯವೇ ಜಾಸ್ತಿ ದಿನ ಬಾಳುತ್ತದೆ. ಆದರೆ ಮನೆಯಲ್ಲಿ ಎಂಟು ಹತ್ತು ವರ್ಷದ ಮಗಳಿದ್ದರೆ, ಅದರಲ್ಲೂ ಮಗುವಿಗೆ ಆಗಾಗ ಹುಷಾರು ತಪ್ಪುತ್ತಿದ್ದರೆ, ದಯವಿಟ್ಟು 'ಮಾಟಗಾತಿ'ಯನ್ನೇ ತೆಗೆದುಕೊಳ್ಳಿ. ಸಣ್ಣವರಿಗೆ, ಕಾಲೇಜು ಹುಡುಗರಿಗೆ ಯಾವುದು ಕೊಡಬಹುದು ಅಂತ ಕೇಳಿದರೆ, ಮೈಚಳಿ ಬಿಡಿಸಿಕೊಂಡು ಓದುವ ಅಭ್ಯಾಸ ಬೆಳೆಯಲು ಎರಡೂ ಆದೀತು. ನಮ್ಮಲ್ಲಿ ಎಷ್ಟೋ ಜನ ಓದುಗರಾದದ್ದು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಹಿಂದೆ ಓಡಿ. ಅದರ ಬಗ್ಗೆ ಮೂಗು ಮುರಿಯುವವರ ಮಾತು ಕೇಳಬೇಡಿ.

ಪುಟ ತಿರುಗಬೇಕು, ತಲೆಗೂ ಕೆಲಸ ಬೇಕು

ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಬೆಂಗಳೂರಿಗೆ ಹೊರಟವರಿಗೆ ನಾನು ಯೋಚನೆ ಮಾಡದೇ ಹೇಳುವ ಪುಸ್ತಕ ತೇಜಸ್ವಿಯವರ 'ಜುಗಾರಿ ಕ್ರಾಸ್'. ಸುರೇಶ, ಗೌರಿ ಎಂಬ ಗಂಡ ಹೆಂಡತಿ ಏಲಕ್ಕಿ ಮಾರಲು ಹೊರಡುತ್ತಾರೆ. ಅಷ್ಟೇ. ಆಮೇಲೆ ಸುಮಾರು ಒಂದು ದಿನದೊಳಗೆ ಏನೇನು ಆಗುತ್ತದೆ ಅನ್ನುವುದೇ ಕಾದಂಬರಿ. ಬಸ್ಸು, ರೈಲು, ಕಾಡು, ಕಳ್ಳದಂಧೆ, ಯಾರನ್ನು ನಂಬಬೇಕು ಅಂತ ಗೊತ್ತಾಗದ ಸ್ಥಿತಿ. ರೈಲಿನಲ್ಲಿ ಕೂತು ರೈಲಿನ ಅಧ್ಯಾಯ ಓದುವಾಗ ಎದುರು ಸೀಟಿನವರ ಬ್ಯಾಗಿನ ಮೇಲೆ ಕಣ್ಣು ಹೋಗದಿದ್ದರೆ ಕೇಳಿ.

'ಚಿದಂಬರ ರಹಸ್ಯ'ವೂ ಅವರದ್ದೇ, ಅದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಲ್ಲೂ ಏಲಕ್ಕಿ, ಅಲ್ಲೂ ಒಂದು ಅನುಮಾನದ ಸಾವು, ತನಿಖೆಗೆ ಬಂದ ಅಂಗಡಿ ಎಂಬ ಅಧಿಕಾರಿ. ಪತ್ತೇದಾರಿ ಅಂದುಕೊಂಡು ಹಿಡಿದರೆ ನಿಮಗೆ ಮೊದಮೊದಲು ಸಿಟ್ಟು ಬರಬಹುದು. ತನಿಖೆ ಮುಂದೆ ಹೋಗುವುದಕ್ಕಿಂತ ಕೆಸರೂರು ಎಂಬ ಊರಿನ ಜನರ ಹರಟೆ, ಜಾತಿ ಜಗಳ, ಪುಂಡಾಟ ಜಾಸ್ತಿ. ನಗು ಬರುತ್ತದೆ. ನಗುತ್ತಾ ನಗುತ್ತಾ ಇಡೀ ಊರು ಯಾವ ಕಡೆ ಜಾರುತ್ತಿದೆ ಅನ್ನುವುದು ತಡವಾಗಿ ಅರಿವಿಗೆ ಬರುತ್ತದೆ. ಆ ಹೊತ್ತಿಗೆ ಪುಸ್ತಕ ನಿಮ್ಮನ್ನು ಹಿಡಿದಾಗಿರುತ್ತದೆ. ಓಟ ಮಾತ್ರ ಸಾಕು ಅಂದರೆ 'ಜುಗಾರಿ ಕ್ರಾಸ್'. ಓದಿ ಮುಗಿಸಿ ನಿಮ್ಮ ಊರಿನ ಕಟ್ಟೆಯ ಮೇಲೆ ಕೂತ ಜನರನ್ನು ಬೇರೆ ಕಣ್ಣಿಂದ ನೋಡಬೇಕು ಅಂದರೆ 'ಚಿದಂಬರ ರಹಸ್ಯ'. ಎರಡನೆಯದೇ ದೊಡ್ಡ ಕಾದಂಬರಿ, ಅದರಲ್ಲಿ ನನಗೆ ಅನುಮಾನವಿಲ್ಲ.

ರಕ್ತ ಕಾಣದ ಕತ್ತಲೆ

ಈಗ ನನಗೆ ಹೆಚ್ಚು ಇಷ್ಟದ ಜೋಡಿಗೆ ಬರೋಣ. ಯಶವಂತ ಚಿತ್ತಾಲರ 'ಶಿಕಾರಿ', ವಿವೇಕ ಶಾನಭಾಗರ 'ಘಾಚರ್ ಘೋಚರ್'. ಮೊದಲನೆಯದು 1979ರದ್ದು, ಎರಡನೆಯದು 2013ರದ್ದು. ಎರಡರಲ್ಲೂ ದೆವ್ವ ಇಲ್ಲ, ಮಾಟ ಇಲ್ಲ, ಪೊಲೀಸರ ಓಟ ಇಲ್ಲ. ಆದರೂ ಕನ್ನಡದಲ್ಲಿ ಹೊಟ್ಟೆಯೊಳಗೆ ತಣ್ಣಗೆ ಏನೋ ಆಡಿಸುವ ಪುಸ್ತಕ ಯಾವುದು ಅಂದರೆ ಈ ಎರಡೇ ನೆನಪಿಗೆ ಬರುತ್ತವೆ.

'ಶಿಕಾರಿ'ಯ ನಾಗಪ್ಪ ಮುಂಬಯಿಯ ಒಂದು ದೊಡ್ಡ ಕೆಮಿಕಲ್ ಕಂಪನಿಯಲ್ಲಿ ಒಳ್ಳೆಯ ಹುದ್ದೆಯಲ್ಲಿರುವವನು. ಒಂದು ದಿನ ಅವನನ್ನು ಸಸ್ಪೆಂಡ್ ಮಾಡುತ್ತಾರೆ. ಯಾಕೆ, ಇದರ ಹಿಂದೆ ಯಾರು, ತನ್ನ ಮೇಲಿರುವ ಆರೋಪ ಏನು, ಯಾವುದೂ ಸರಿಯಾಗಿ ಗೊತ್ತಿಲ್ಲ. ಅಲ್ಲಿಂದ ಅವನ ತಲೆ ಓಡಲು ಶುರು. ಯಾವತ್ತೋ ಯಾರೋ ಆಡಿದ ಮಾತಿಗೆ ಈಗ ಅರ್ಥ ಹುಡುಕುತ್ತಾನೆ. ಸ್ನೇಹಿತರು ಸ್ನೇಹಿತರಾಗಿ ಕಾಣುವುದಿಲ್ಲ. ಬಾಲ್ಯದ ಊರಿನ ಹಳೆಯ ಗಾಯಗಳು ಎದ್ದು ಬರುತ್ತವೆ. ಓದುವವರಿಗೂ ಗೊತ್ತಾಗದ ಹಾಗೆ ಅವನ ಸಂಶಯ ನಮ್ಮ ಸಂಶಯ ಆಗಿಬಿಡುತ್ತದೆ. ಚಿತ್ತಾಲರು ಸ್ವತಃ ಅಂಥ ಉದ್ಯಮದಲ್ಲೇ ಕೆಲಸ ಮಾಡಿದವರು. ಹಾಗಾಗಿ ಮೀಟಿಂಗ್ ರೂಮಿನ ನಗು, ಫೋನಿನ ಆ ಕಡೆಯ ಮೌನ, ಬಾಸ್‌ನ ಮೆಲುದನಿ ಎಲ್ಲವೂ ಅಷ್ಟು ಕರಾರುವಾಕ್ಕಾಗಿ ಬಂದಿವೆ.

ಇದನ್ನು ನಾನು ವಿಶೇಷವಾಗಿ ಹೇಳುವುದು ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿ ಚಿನ್ನದ ಗಣಿ ಇಂಥ ಕಡೆ ಕೆಲಸ ಮಾಡುವ ಗೆಳೆಯರಿಗೆ. ನೂರಾರು ಜನ ಒಟ್ಟಿಗಿರುವ ಜಾಗದಲ್ಲಿ ಒಂದು ಮೆಮೊ ಬಂದರೆ ಮನುಷ್ಯ ಎಷ್ಟು ಒಂಟಿ ಆಗುತ್ತಾನೆ ಅನ್ನುವುದು ಅವರಿಗೆ ಯಾರೂ ವಿವರಿಸಬೇಕಿಲ್ಲ. ಆದರೆ ಒಂದು ಎಚ್ಚರಿಕೆ. ನಿಮ್ಮ ಮೇಲೇ ಈಗ ಏನಾದರೂ ವಿಚಾರಣೆ ನಡೆಯುತ್ತಿದ್ದರೆ ಈ ಪುಸ್ತಕ ಮುಟ್ಟಬೇಡಿ. ಅದು ಮುಗಿದ ಮೇಲೆ ಓದಿ.

'ಶಿಕಾರಿ'ಗೆ ಒಂದು ಕಷ್ಟ ಇದೆ, ಮುಚ್ಚಿಡುವುದಿಲ್ಲ. ನಾಗಪ್ಪನ ಯೋಚನೆಗಳು ಸುತ್ತಿ ಸುತ್ತಿ ಬರುತ್ತವೆ. ನಡುವೆ ಕೆಲವು ಕಡೆ "ಸಾಕಪ್ಪ, ಮುಂದೆ ಹೋಗು" ಅನಿಸುತ್ತದೆ. ಆ ಸುತ್ತಾಟವೇ ಪುಸ್ತಕದ ಜೀವ ಅಂತ ನಾನು ವಾದ ಮಾಡಬಲ್ಲೆ, ಆದರೆ ಡ್ಯೂಟಿ ಮುಗಿಸಿ ಬಂದು ಹನ್ನೊಂದು ಗಂಟೆಗೆ ಓದುವವರ ಮುಂದೆ ಆ ವಾದ ನಡೆಯುವುದಿಲ್ಲ.

ಅಂಥವರಿಗೆ 'ಘಾಚರ್ ಘೋಚರ್'. ಪುಟ್ಟ ಪುಸ್ತಕ, ಒಂದೇ ಸಂಜೆಗೆ ಮುಗಿಯುತ್ತದೆ. ಒಬ್ಬ ಹೆಸರಿಲ್ಲದ ಯುವಕ ಬೆಂಗಳೂರಿನ ಕಾಫಿ ಹೌಸಿನಲ್ಲಿ ಕೂತು ತನ್ನ ಮನೆಯ ಕಥೆ ಹೇಳುತ್ತಾನೆ. ಅಪ್ಪನ ಸಂಬಳದಲ್ಲಿ ಲೆಕ್ಕ ಹಾಕಿ ಬದುಕುತ್ತಿದ್ದ ಕುಟುಂಬ. ಚಿಕ್ಕಪ್ಪನ ಮಸಾಲೆ ವ್ಯಾಪಾರ ಕೈ ಹಿಡಿಯುತ್ತದೆ, ದುಡ್ಡು ಬರುತ್ತದೆ, ದೊಡ್ಡ ಮನೆ ಬರುತ್ತದೆ. ಹಳೆಯ ಮನೆಯಲ್ಲಿ ಇರುವೆ ಕಾಟ ಇತ್ತು. ಆ ಇರುವೆಗಳನ್ನು ಮನೆಯವರು ಹೇಗೆ ನಡೆಸಿಕೊಂಡರು ಅನ್ನುವ ಪುಟಗಳನ್ನು ಓದುವಾಗ ನಗುತ್ತೀರಿ. ಸ್ವಲ್ಪ ಹೊತ್ತಿನ ಮೇಲೆ ಆ ನಗು ನೆನೆದು ನಾಚಿಕೆ ಆಗುತ್ತದೆ. ಇಲ್ಲಿ ಯಾರೂ ದುಷ್ಟರಲ್ಲ. ಎಲ್ಲರೂ ಮನೆಯವರನ್ನು ಪ್ರೀತಿಸುವವರೇ. ತಮ್ಮವರನ್ನು ಕಾಪಾಡಿಕೊಳ್ಳಲು ಹೊರಗಿನವರಿಗೆ ಏನು ಬೇಕಾದರೂ ಮಾಡಬಲ್ಲ ಪ್ರೀತಿ ಅದು. ನನಗೆ ಇದಕ್ಕಿಂತ ಹೆದರಿಕೆ ಹುಟ್ಟಿಸುವ ಮನೆ ಯಾವ ದೆವ್ವದ ಕಥೆಯಲ್ಲೂ ಸಿಕ್ಕಿಲ್ಲ.

ಗಣಿ ಜೋರಾಗಿದ್ದ ಕಾಲದಲ್ಲಿ ಬಳ್ಳಾರಿ, ಸಂಡೂರು, ಹೊಸಪೇಟೆಯಲ್ಲಿ ದಿಢೀರನೆ ದುಡ್ಡು ಬಂದ ಮನೆಗಳನ್ನು ಹತ್ತಿರದಿಂದ ನೋಡಿದವರು ಈ ಪುಸ್ತಕವನ್ನು ಬೆಂಗಳೂರಿನ ಕಥೆ ಅಂತ ಓದಲಾರರು. ಯಾರ ಗಳಿಕೆಯಿಂದ ಮನೆ ನಡೆಯುತ್ತದೋ ಅವರ ತಟ್ಟೆಗೆ ಮೊದಲು ಬಿಸಿ ರೊಟ್ಟಿ ಬೀಳುವುದು, ಅವರು ಏನು ಮಾಡಿ ಗಳಿಸುತ್ತಾರೆ ಅಂತ ಯಾರೂ ಕೇಳದಿರುವುದು, ಇವೆಲ್ಲ ನಮ್ಮ ಕಡೆಗೂ ಗೊತ್ತಿರುವ ಸಂಗತಿಗಳೇ ಅಲ್ವಾ. ಕನ್ನಡ ಓದಲು ಬಾರದ ಮಕ್ಕಳಿದ್ದರೆ ಶ್ರೀನಾಥ್ ಪೇರೂರ್ ಮಾಡಿದ ಇಂಗ್ಲಿಷ್ ಅನುವಾದ ಕೊಡಬಹುದು, ಅದು ಹೊರದೇಶಗಳಲ್ಲೂ ಓದುಗರನ್ನು ಗಳಿಸಿದೆ.

ಒಂದೇ ಓದಬೇಕು ಅಂದರೆ? ಮೊದಲು 'ಘಾಚರ್ ಘೋಚರ್' ಓದಿ. ಕೊನೆಯ ಪುಟ ಮುಗಿಸಿ "ಏನಿದು, ಇಷ್ಟಕ್ಕೇ ನಿಲ್ಲಿಸಿದರಲ್ಲ" ಅಂತ ಗೊಣಗುವವರು 'ಶಿಕಾರಿ'ಗೆ ಹೋಗುವ ಅಗತ್ಯ ಇಲ್ಲ. ಮತ್ತೆ ಮೊದಲ ಪುಟಕ್ಕೆ ತಿರುಗಿದವರು ಮಾತ್ರ ಹೋಗಿ.

ಅಳಿಸುವ ಪುಸ್ತಕಗಳು, ಸ್ವಲ್ಪ ಜೋಪಾನ

ಕತ್ತಲೆ ಅಂದರೆ ಕೆಲವರಿಗೆ ದುಃಖ. ಇಲ್ಲಿ 'ಗೃಹಭಂಗ', ಶಿವರಾಮ ಕಾರಂತರ 'ಚೋಮನ ದುಡಿ', ರಾವಬಹಾದ್ದೂರರ 'ಗ್ರಾಮಾಯಣ' ಎದುರುಬದುರು ನಿಲ್ಲುತ್ತವೆ.

'ಗೃಹಭಂಗ'ದ ನಂಜಮ್ಮನ ಗಂಡ ಶಾನುಭೋಗ, ಆದರೆ ಲೆಕ್ಕ ಬರೆಯುವವಳು ಅವಳು. ಬಾಯಿ ತೆರೆದರೆ ಬೈಗುಳವೇ ಬರುವ ಅತ್ತೆ ಗಂಗಮ್ಮ, ಊಟ ಒಂದು ಬಿಟ್ಟು ಬೇರೆ ಚಿಂತೆ ಇಲ್ಲದ ಗಂಡ ಚೆನ್ನಿಗರಾಯ. ಅವಳು ಬದುಕನ್ನು ಒಂದು ಕಡೆ ಕಟ್ಟಿದರೆ ಇನ್ನೊಂದು ಕಡೆ ಕುಸಿಯುತ್ತದೆ. ಪ್ಲೇಗು ಬರುವ ಅಧ್ಯಾಯಗಳನ್ನು ಎರಡನೇ ಸಲ ಓದಲು ನನಗೆ ಧೈರ್ಯ ಸಾಲುವುದಿಲ್ಲ. ವಿಚಿತ್ರ ಅಂದರೆ ಈ ಪುಸ್ತಕದಲ್ಲಿ ನಗು ಕೂಡ ತುಂಬಾ ಇದೆ. ಗಂಗಮ್ಮನ ಬೈಗುಳಗಳೇ ಸಾಕು. ಆದರೆ ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ, ಅದರಲ್ಲೂ ಮಕ್ಕಳನ್ನು ಕಳೆದುಕೊಂಡ ಮನೆಯವರಿಗೆ, ಎಷ್ಟೇ ಒಳ್ಳೆಯ ಪುಸ್ತಕ ಆದರೂ ಇದನ್ನು ನೀವಾಗಿ ಕೈಗೆ ಕೊಡಬೇಡಿ.

'ಚೋಮನ ದುಡಿ' 1933ರದ್ದು, ಚಿಕ್ಕದು. ಸ್ವಂತ ಬೇಸಾಯ ಮಾಡಬೇಕು ಅನ್ನುವ ಒಂದೇ ಆಸೆ ಇಟ್ಟುಕೊಂಡ ಚೋಮ, ಅವನ ಮಗಳು ಬೆಳ್ಳಿ, ತೀರದ ಸಾಲ. ಇಷ್ಟು ವರ್ಷದ ಮೇಲೂ ಅದರ ಏಟು ಹಾಗೇ ಇದೆ. ಬಿ.ವಿ. ಕಾರಂತರ ಸಿನಿಮಾ ನೋಡಿದ್ದೇನೆ, ಪುಸ್ತಕ ಯಾಕೆ ಅನ್ನುವವರಿಗೆ ಹೇಳುವುದಿಷ್ಟೇ, ಎರಡೂ ಬೇರೆ ಬೇರೆ ರೀತಿ ಕಾಡುತ್ತವೆ.

1957ರ 'ಗ್ರಾಮಾಯಣ' ಈಗ ಓದುವವರು ಕಡಿಮೆ. ಅದು ಅನ್ಯಾಯ. ಪಾದಳ್ಳಿ ಎಂಬ ಒಂದು ಊರು ಕಣ್ಣೆದುರೇ ಹಾಳಾಗುವ ಕಥೆ. ಉತ್ತರ ಕರ್ನಾಟಕದ ಮಾತು ನಮ್ಮ ಕಿವಿಗೆ ಬೇಗ ಹೊಂದುತ್ತದೆ. ಪಾತ್ರಗಳು ಬಹಳ ಇವೆ, ಶುರುವಿನಲ್ಲಿ ಯಾರು ಯಾರ ಮನೆಯವರು ಅಂತ ಗೊಂದಲ ಆಗುತ್ತದೆ. ಸ್ವಲ್ಪ ತಡೆದುಕೊಳ್ಳಿ. ಒಬ್ಬ ಮನುಷ್ಯನ ದುಃಖ ಬೇಕಾದವರು 'ಚೋಮನ ದುಡಿ', ಒಂದು ಮನೆಯದ್ದು ಬೇಕಾದವರು 'ಗೃಹಭಂಗ', ಇಡೀ ಊರಿನದ್ದು ಬೇಕಾದವರು 'ಗ್ರಾಮಾಯಣ' ಹಿಡಿಯಿರಿ.

ಇದೇ ಕಪಾಟಿನಲ್ಲಿ ಎರಡು ತೆಳ್ಳಗಿನ ಪುಸ್ತಕಗಳನ್ನೂ ಸೇರಿಸುತ್ತೇನೆ. ಆಲನಹಳ್ಳಿಯವರ 'ಕಾಡು' ಒಬ್ಬ ಹುಡುಗನ ಕಣ್ಣಲ್ಲಿ ಕಾಣುವ ಎರಡು ಊರಿನ ದ್ವೇಷ. ದೊಡ್ಡವರ ಕ್ರೌರ್ಯ ಅವನಿಗೆ ಅರ್ಥ ಆಗುವುದಿಲ್ಲ, ನಮಗೆ ಆಗುತ್ತದೆ, ಅಲ್ಲೇ ಇರುವುದು ಭಯ. ದೇವನೂರ ಮಹಾದೇವರ 'ಕುಸುಮಬಾಲೆ'ಯ ನಡುವೆ ಒಂದು ಕೊಲೆ ಇದೆ, ಜಾತಿ ಮೀರಿದ ಪ್ರೀತಿಗೆ ಆದ ಕೊಲೆ. ಆದರೆ ಅದರ ಭಾಷೆ ನಂಜನಗೂಡು ಸೀಮೆಯದ್ದು. ನಮ್ಮ ರಾಯಚೂರಿನ ಓದುಗರು ಹತ್ತು ಪುಟಕ್ಕೆ ಕೈ ಚೆಲ್ಲುತ್ತಾರೆ. ಬಾಯಿಬಿಟ್ಟು ಓದಿದರೆ ದಾರಿ ಸಿಗುತ್ತದೆ. ಸಿಗದಿದ್ದರೆ ಅವರದ್ದೇ 'ಒಡಲಾಳ'ದಿಂದ ಶುರು ಮಾಡಿ. ಸಾಕವ್ವನ ಕಳೆದುಹೋದ ಹುಂಜದ ಕಥೆ ಅದು.

ನಮ್ಮ ನೆಲದ ಮೇಲೇ ಆದ ಕಥೆ

ಕೊನೆಯ ಆಯ್ಕೆ ನಮ್ಮ ಮೂರು ಜಿಲ್ಲೆಯವರಿಗೆ ಮಾತ್ರ ಇರುವ ಸುಖ. ತುಂಗಭದ್ರೆಯ ಅಕ್ಕಪಕ್ಕ ನಡೆಯುವ ಕತ್ತಲೆ ಬೇಕು ಅಂದರೆ ಮೂರು ಪುಸ್ತಕ ಇವೆ, ಮೂರರ ಸ್ವಭಾವವೂ ಬೇರೆ.

ಕೆ.ಎನ್. ಗಣೇಶಯ್ಯನವರ 'ಕರಿಸಿರಿಯಾನ' ಓಡುವ ಪುಸ್ತಕ. 1565ರ ಯುದ್ಧ ಸೋತ ಮೇಲೆ ವಿಜಯನಗರದ ಸಂಪತ್ತನ್ನು ಆನೆಗಳ ಮೇಲೆ ಹೇರಿ ಸಾಗಿಸಿದರು ಅನ್ನುವ ಎಳೆ ಹಿಡಿದು ಈ ಕಾಲದ ಪತ್ತೇದಾರಿ ಕಥೆ ಹೆಣೆದಿದ್ದಾರೆ. ಆನೆಗೊಂದಿ, ಹಂಪಿ ಕಡೆ ನಿಧಿ ಹುಡುಕಿ ನೆಲ ಅಗೆಯುವವರ ಸುದ್ದಿ ಕೇಳಿ ಬೆಳೆದ ನಮಗೆ ಈ ಎಳೆ ತಕ್ಷಣ ಹಿಡಿಸುತ್ತದೆ. ಪಾತ್ರಗಳ ಆಳ ಹುಡುಕಬೇಡಿ, ಇದು ಆ ಜಾತಿಯ ಪುಸ್ತಕವಲ್ಲ.

ಸಂಡೂರಿನಲ್ಲಿ ಹುಟ್ಟಿದ ವಸುಧೇಂದ್ರರ 'ತೇಜೋ ತುಂಗಭದ್ರಾ' 2019ರದ್ದು. ಒಂದು ದಡದಲ್ಲಿ ಪೋರ್ಚುಗಲ್‌ನ ಲಿಸ್ಬನ್, ಇನ್ನೊಂದು ದಡದಲ್ಲಿ ವಿಜಯನಗರ. ಅಲ್ಲಿ ಯಹೂದಿಗಳನ್ನು ಅಟ್ಟಾಡಿಸುವ ಧರ್ಮ, ಇಲ್ಲಿ ಸತಿ, ರಾಜನಿಗೆ ಪ್ರಾಣ ಒಪ್ಪಿಸುವ ಲೆಂಕರು. ಹಂಪಿಯ ಬೀದಿಯಲ್ಲಿ ಮುತ್ತು ರತ್ನ ಸೇರಿನಲ್ಲಿ ಅಳೆದು ಮಾರುತ್ತಿದ್ದರು ಅಂತ ಶಾಲೆಯಲ್ಲಿ ಕೇಳಿದವರಿಗೆ ಇದು ಅದೇ ಊರನ್ನು ಬಡವರ, ಹೆಂಗಸರ ಕಡೆಯಿಂದ ತೋರಿಸುತ್ತದೆ. ಹಿಂಸೆಯ ವಿವರ ಕೆಲವು ಕಡೆ ಬಹಳ ಕಟುವಾಗಿದೆ. ಆದರೆ ಗದ್ಯ ತಿಳಿ, ಅಧ್ಯಾಯಗಳು ಸರಾಗ. ದಪ್ಪ ಪುಸ್ತಕ ಓದಿ ಅಭ್ಯಾಸ ಇಲ್ಲದವರೂ ಮುಗಿಸುತ್ತಾರೆ.

ಕೊಟ್ಟೂರಿನ ಕುಂ. ವೀರಭದ್ರಪ್ಪನವರ 'ಅರಮನೆ'ಗೆ 2007ರಲ್ಲಿ ಅಕಾಡೆಮಿ ಪ್ರಶಸ್ತಿ ಬಂತು. 1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ, ರಾಯಚೂರು ಕೊಪ್ಪಳ ಅವನ ಬಳಿಯೇ ಉಳಿದವು. ಬಳ್ಳಾರಿ ಕಡೆ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ. ಆ ಕಾಲದ ಪಾಳೇಗಾರರ ಅವನತಿ, ಬರ, ಹಸಿವು, ಮೈಮೇಲೆ ಬರುವ ದೇವತೆ, ಕಂಪನಿಯ ಕಾಗದಪತ್ರ ಎಲ್ಲ ಸೇರಿದ ಜಾತ್ರೆ ಆ ಕಾದಂಬರಿ. ಇಲ್ಲಿಯ ಕತ್ತಲೆಯಲ್ಲಿ ಅಟ್ಟಹಾಸದ ನಗುವೂ ಇದೆ. ಹಸಿದ ಜನರ ಪಕ್ಕದಲ್ಲೇ ಅರಮನೆಯ ಹುಚ್ಚಾಟ ನಡೆಯುತ್ತಿರುತ್ತದೆ. ವಾಕ್ಯಗಳು ಉದ್ದ, ಉಸಿರು ಬಿಡಲು ಜಾಗ ಕೊಡುವುದಿಲ್ಲ. ಬೆಂಗಳೂರು, ಮೈಸೂರಿನ ಗೆಳೆಯರು ಅರ್ಧಕ್ಕೆ ಬಿಟ್ಟದ್ದನ್ನು ಕೇಳಿದ್ದೇನೆ. ನಮಗೆ ಆ ನೆಪ ಇಲ್ಲ, ಅದು ನಮ್ಮ ಅಜ್ಜಿಯರು ಆಡುತ್ತಿದ್ದ ಮಾತು.

ನನ್ನನ್ನು ಕೇಳಿದರೆ ಮೂರರಲ್ಲಿ 'ಅರಮನೆ'ಯೇ ಮೇಲು. ಆದರೆ ಕೈಗೆತ್ತಿಕೊಂಡ ಮೊದಲ ರಾತ್ರಿ ಒಬ್ಬರೇ ಮನಸ್ಸಿನಲ್ಲಿ ಓದಬೇಡಿ. ಮನೆಯಲ್ಲಿ ಕೂಡ್ಲಿಗಿ, ಹಡಗಲಿ ಕಡೆಯ ಹಿರಿಯರು ಇದ್ದರೆ ಅವರ ಮುಂದೆ ಕೂತು ಮೊದಲ ಮೂವತ್ತು ನಲವತ್ತು ಪುಟ ಜೋರಾಗಿ ಓದಿ. ಅವರು ನಕ್ಕ ಕಡೆ ನಿಮಗೆ ವಾಕ್ಯದ ದಾರಿ ಸಿಗುತ್ತದೆ. ಅಷ್ಟಾದ ಮೇಲೂ ಹಿಡಿಸಲಿಲ್ಲ ಅಂದರೆ ಹಠ ಮಾಡದೇ 'ತೇಜೋ ತುಂಗಭದ್ರಾ'ಕ್ಕೆ ಬನ್ನಿ, 'ಅರಮನೆ'ಯನ್ನು ಮುಂದಿನ ಬೇಸಿಗೆಗೆ ಇಟ್ಟುಕೊಳ್ಳಿ.